ಕನ್ನಿಯಮ್ಮನಿಗೆ ಮೂಗಾಗಿದ್ದ ವರ್ಷ

ಹೋದ ತಿಂಗಳು ನಮ್ಮ ವಾರ್ಡಿಗೆ ಜ್ವರವೆಂದು ಒಬ್ಬ ಮುದುಕರು ಬಂದು ಸೇರಿದರು. ದಿಂಬು ಸರಿಮಾಡಲು ಬಾಗಿದಾಗ ಅವರ ಉಸಿರು ನನ್ನ ಮುಖಕ್ಕೆ ತಾಗಿತು. ದಿಂಬು ಹಿಡಿದುಕೊಂಡೇ ನಿಂತುಬಿಟ್ಟೆ. ಏನಾಯಿತು ಸರ್ ಎಂದು ಜೊತೆಗಿದ್ದ ನರ್ಸಿಂಗ್ ವಿದ್ಯಾರ್ಥಿನಿ ಕೇಳಿದಳು. ಕಿಡ್ನಿಯ ರಕ್ತ ಪರೀಕ್ಷೆಯನ್ನೂ ಬರೆಸಿಕೊಳ್ಳೋಣ, ಡಾಕ್ಟರಿಗೆ ಹೇಳು ಎಂದೆ. ಆಮೇಲೆ ಚಹಾ ಕುಡಿಯುವಾಗ ಅವಳು, ನರ್ಸುಗಳಿಗೆ ವಾಸನೆಯಿಂದಲೇ ಕಾಯಿಲೆ ಗೊತ್ತಾಗುತ್ತದಂತೆ, ಅದು ಖರೆಯೇ ಎಂದು ಕೇಳಿದಳು. ಕೆಲವು ಗೊತ್ತಾಗುತ್ತವೆ, ಕೆಲವು ಗೊತ್ತಾದಂತೆ ಅನಿಸುತ್ತವೆ, ಯಾವುದು ಯಾವುದೆಂದು ಲ್ಯಾಬಿನವರು ಹೇಳುತ್ತಾರೆ ಎಂದೆ. ಪಾಠಕ್ಕೆ ಅಷ್ಟು ಸಾಕಿತ್ತು. ಆದರೆ ಆ ದಿನವೆಲ್ಲ ನನ್ನ ಮನಸ್ಸು ಬಾಗಲಕೋಟೆಯಲ್ಲಿ ಇರಲಿಲ್ಲ. ಚಿನ್ನದ ಗಣಿಯ ಊರಾದ ಕೆಜಿಎಫ್‌ನಲ್ಲಿ, ಚಾಂಪಿಯನ್ ರೀಫ್ಸ್‌ನ ಒಂದು ಲೈನ್ ಮನೆಯ ಮುಂದೆ, ಕನ್ನಿಯಮ್ಮಕ್ಕನ ಒಲೆಯ ಪಕ್ಕದಲ್ಲಿ ಕುಳಿತಿತ್ತು.

ಕೆಜಿಎಫ್‌ಗೆ ನಾನು ಹೋದದ್ದು ಆಷಾಢದಲ್ಲಿ. ಕೊರೋನಾದ ಗದ್ದಲ ಮುಗಿದು ಜನ ಮಾಸ್ಕು ಬಿಚ್ಚಿಟ್ಟಿದ್ದ ಕಾಲ. ಹಾಸಿಗೆ ಹಿಡಿದವರ ಮನೆಗೇ ಹೋಗಿ ಆರೈಕೆ ಮಾಡುವ ಒಂದು ಸಣ್ಣ ಟ್ರಸ್ಟಿನಲ್ಲಿ ಯುಗಾದಿಯವರೆಗಿನ ಗುತ್ತಿಗೆ ಕೆಲಸ ಸಿಕ್ಕಿತ್ತು. ಬೆಳಗ್ಗೆ ಕೆಜಿಎಫ್ ಒಳಗಿನ ಮನೆಗಳು, ಮಧ್ಯಾಹ್ನ ಸ್ಕೂಟರಿನಲ್ಲಿ ಬಂಗಾರಪೇಟೆ ಸುತ್ತಿನ ಹಳ್ಳಿಗಳು. ಗಣಿಯ ಧೂಳು ಕುಡಿದು ಎದೆ ಕಲ್ಲಾದ ಮುದುಕರು, ಲಕ್ವ ಹೊಡೆದವರು, ಮಲಗಿ ಮಲಗಿ ಬೆನ್ನುಹುಣ್ಣು ಆದವರು. ಹುಣ್ಣು ತೊಳೆದು ಕಟ್ಟುವುದು, ಮೂತ್ರದ ನಳಿಕೆ ಬದಲಿಸುವುದು, ಮಗ್ಗುಲು ಹೊರಳಿಸುವುದನ್ನು ಮನೆಯವರಿಗೆ ಕಲಿಸುವುದು ನನ್ನ ಕೆಲಸ. ಬ್ಯಾಂಡೇಜು ಬಿಚ್ಚುವ ಮೊದಲೇ ಹುಣ್ಣು ಮಾಯುತ್ತಿದೆಯೋ ಕೆಟ್ಟಿದೆಯೋ ಎಂಬುದು ಮೂಗಿಗೆ ತಿಳಿಯುತ್ತಿತ್ತು. ಅದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ. ಹತ್ತಾರು ಹುಣ್ಣು ಕಂಡ ಯಾವ ನರ್ಸಿಗೂ ಅದು ತಿಳಿಯುತ್ತದೆ.

ಗಂಡು ನರ್ಸನ್ನು ನೋಡಿದವರು ಆ ಕಡೆ ಕಡಿಮೆ. ಬ್ರದರ್ ಎನ್ನಬೇಕೆಂದು ಹೇಳಿಕೊಟ್ಟರೂ ಕೆಜಿಎಫ್‌ನದೇ ಒಂದು ಭಾಗವಾದ ಮೈಸೂರು ಮೈನ್ಸಿನ ಒಬ್ಬ ಅಜ್ಜಿ ಕೊನೆಯವರೆಗೂ ನನ್ನನ್ನು ‘ಗಂಡ್ ಸಿಸ್ಟರು’ ಎಂದೇ ಕರೆದರು. ನಮ್ಮ ಬಾಗಲಕೋಟೆ ಕಡೆಯ ಮಾತು ಅವರಿಗೆ ಜಗಳದಂತೆ ಕೇಳಿಸುತ್ತಿತ್ತು. ಅವರು ತಮಿಳಿನಲ್ಲಿ ಶುರುಮಾಡಿ, ತೆಲುಗು ದಾಟಿ, ಕನ್ನಡಕ್ಕೆ ಬಂದು ನಿಲ್ಲುವಷ್ಟರಲ್ಲಿ ನಾನು ಎರಡು ಮಾತು ಹಿಂದೆ ಉಳಿದಿರುತ್ತಿದ್ದೆ. ಸಂಜೆ ರೂಮಿಗೆ ಬಂದರೆ ಮಾತಾಡಲು ಯಾರೂ ಇಲ್ಲ. ಆಷಾಢದ ಗಾಳಿ ಸಯನೈಡ್ ದಿಬ್ಬಗಳ ಮೇಲಿಂದ, ಅಂದರೆ ಚಿನ್ನ ಸೋಸಿ ಬಿಟ್ಟ ಮಣ್ಣಿನ ಬೋಳುಗುಡ್ಡಗಳ ಮೇಲಿಂದ, ಬೂದಿ ಬಣ್ಣದ ಪುಡಿಯನ್ನು ಹೊತ್ತು ತಂದು ಕಿಟಕಿಯ ಸಂದಿನಲ್ಲಿ ಸುರಿಯುತ್ತಿತ್ತು. ಹಾಸಿಗೆ ಕೊಡವಿ ಮಲಗುವುದು, ಎದ್ದು ಮತ್ತೆ ಕೊಡವುವುದು. ಊರಿಗೆ ಫೋನು ಮಾಡಿದರೆ ಅವ್ವ ಊಟ ಆಯ್ತೇನು ಎಂದು ಕೇಳುತ್ತಿದ್ದಳು. ಆಯ್ತು ಎಂದ ಮೇಲೆ ಇಬ್ಬರಿಗೂ ಮಾತು ಮುಗಿಯುತ್ತಿತ್ತು.

ಊಟವೆಂದರೆ ಕನ್ನಿಯಮ್ಮನ ಇಡ್ಲಿ. ನಾನಿದ್ದ ಲೈನಿನ ಕೊನೆಯ ಮನೆ ಅವರದು. ಗಣಿ ನಡೆಯುತ್ತಿದ್ದಾಗ ಕೆಲಸಗಾರರಿಗೆಂದು ಕಟ್ಟಿದ, ಗೋಡೆಗೆ ಗೋಡೆ ಅಂಟಿದ ಸಣ್ಣ ಮನೆಗಳ ಸಾಲು ಅದು. ಗಂಡ ಗಣಿಯಲ್ಲಿ ದುಡಿದು ಎದೆ ಕೆಟ್ಟು ತೀರಿಕೊಂಡ ಮೇಲೆ ಆಕೆ ಮನೆ ಮುಂದೆಯೇ ಶೀಟು ಇಳಿಸಿ, ಸೌದೆ ಒಲೆ ಹೂಡಿ, ಬೆಳಗ್ಗೆ ಇಡ್ಲಿ, ಸಂಜೆ ಮಸಾಲ ವಡೆ ಮಾಡಿ ಮಾರುತ್ತಿದ್ದರು. ಐವತ್ತೈದರ ಆಸುಪಾಸಿನ, ಗಟ್ಟಿ ದನಿಯ ಹೆಂಗಸು. ಮಗಳು ಸೆಲ್ವಿ ಹತ್ತಿರದ ಮಾರಿಕುಪ್ಪಂ ನಿಲ್ದಾಣದಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಿ, ದೀಪ ಹಚ್ಚುವ ಹೊತ್ತಿಗೆ ಮರಳುತ್ತಿದ್ದಳು. ಹೀಗಾಗಿ ತಾಯಿಯ ಹಗಲು ಮಗಳಿಗೆ ಗೊತ್ತಿರಲಿಲ್ಲ.

ಒಂದು ಬೆಳಗ್ಗೆ ಆಕೆ ಚಟ್ನಿಗೆ ಒಗ್ಗರಣೆ ಸುರಿದದ್ದೇ ನನ್ನ ಮೂಗಿಗೆ ಸೀದ ವಾಸನೆ ಹೊಡೆಯಿತು. ಅಕ್ಕಾರ, ಒಗ್ಗರಣಿ ಸೀದದ ನೋಡ್ರಿ ಎಂದೆ. ಆಕೆಯ ಕೈ ಅಲ್ಲೇ ನಿಂತಿತು. ಸೌಟನ್ನು ಚಟ್ನಿಯೊಳಗೆ ಬಿಟ್ಟು ನನ್ನ ಮುಖ ನೋಡಿದರು. ಗಿರಾಕಿಗಳು ಹೋಗುವವರೆಗೆ ನನಗೆ ಇಡ್ಲಿ ಬಡಿಸುತ್ತಲೇ ಇದ್ದರು, ಎದ್ದು ಹೋಗದಂತೆ. ಕೊನೆಗೆ ಹತ್ತಿರ ಬಂದು ಕುಕ್ಕರಗಾಲಿನಲ್ಲಿ ಕುಳಿತರು.

“ಕೊರೋನಾದಾಗ ಮೂಗು ಓಯ್ತು ತಂಬಿ. ಎಲ್ರಿಗೂ ತಿರ್ಗಾ ಬಂತು, ನಂಗ್ ಬರ್ಲಿಲ್ಲ. ಸೆಲ್ವಿಗೂ ಏಳಿಲ್ಲ. ನೀನೂ ಯಾರ್ಗೂ ಏಳ್ಬೇಡ. ಮೂಗಿಲ್ದೋಳ್ ಮಾಡಿದ್ ಇಡ್ಲಿ ಯಾರ್ ತಿಂತಾರೆ?”

ಅಷ್ಟು ದಿನವೂ ಆಕೆ ಬಣ್ಣ ನೋಡಿ, ಗುಳ್ಳೆ ನೋಡಿ, ಬೆರಳಿಗೆ ಅಂಟುವ ಹದ ನೋಡಿ ಅಡುಗೆ ಮಾಡುತ್ತಿದ್ದರು. ನಾಲಿಗೆಗೆ ಉಪ್ಪು, ಹುಳಿ, ಖಾರ ಗೊತ್ತಾಗುತ್ತಿತ್ತು. ಕರಿಬೇವು, ಇಂಗು, ಹುರಿದ ಕೊತ್ತಂಬರಿ ಯಾವುದರ ಘಮವೂ ಸಿಗುತ್ತಿರಲಿಲ್ಲ. ತಮಿಳಿನಲ್ಲಿ ತಮ್ಮ ಎನ್ನುವಂತೆ ತಂಬಿ ಎಂದು ನನ್ನನ್ನು ಕರೆದದ್ದು ಅವತ್ತೇ ಮೊದಲು. ಅವತ್ತಿನಿಂದ ಕೆಲಸಕ್ಕೆ ಹೊರಡುವ ಮೊದಲು ನಾನು ಒಲೆಯ ಪಕ್ಕ ಕುಳಿತು ಹಿಟ್ಟು ಹುಳಿ ಬಂದಿದೆಯೇ, ತೆಂಗಿನಕಾಯಿ ಮುಗ್ಗಿದೆಯೇ, ಸಾಂಬಾರಿನ ಪುಡಿ ಹಸಿಯೇ ಎಂದು ಮೂಸಿ ಹೇಳುವುದು ರೂಢಿಯಾಯಿತು. ಸಂಜೆ ಗಿರಾಕಿ ಇಲ್ಲದಾಗ ಆಕೆ ಬೇರೆ ವಾಸನೆಗಳನ್ನೂ ಕೇಳುತ್ತಿದ್ದರು. ಮೂರನೇ ಮನೆಯಲ್ಲಿ ಒಣಮೀನು ಹುರಿಯುತ್ತಿದ್ದಾರೆ ಎನ್ನುತ್ತಿದ್ದೆ. ಯಾವ ಮೀನು ಎನ್ನುತ್ತಿದ್ದರು. ನನಗೆ ಮೀನಿನ ಜಾತಿ ಗೊತ್ತಿರಲಿಲ್ಲ. ಮಳೆ ದಿಬ್ಬದ ಆಚೆ ಬಿದ್ದಿದೆ, ಇಲ್ಲಿಗೆ ಇನ್ನೂ ಬಂದಿಲ್ಲ ಎಂದರೆ ಅದನ್ನು ಹೇಗೆ ಹೇಳಿದೆ ಎಂದು ವಿವರ ಕೇಳುತ್ತಿದ್ದರು. ಆ ಊರಿನಲ್ಲಿ ನನ್ನ ಮಾತಿಗೆ ಕಾಯುತ್ತಿದ್ದ ಒಬ್ಬರೇ ಒಬ್ಬರೆಂದರೆ ಆಕೆ.

ಶ್ರಾವಣದಲ್ಲಿ ಬಂಗಾರಪೇಟೆಯಿಂದ ಬೂದಿಕೋಟೆ ಕಡೆ ಹೋಗುವ ದಾರಿಯ ಒಂದು ಹಳ್ಳಿಗೆ ಹೋಗಿದ್ದೆ. ಎರಡು ಸೀಮೆ ಹಸು ಕಟ್ಟಿ ಡೈರಿಗೆ ಹಾಲು ಹಾಕುವ ಮನೆ. ಲಕ್ವ ಹೊಡೆದು ಮಲಗಿದ್ದ ಮುದುಕರಿಗೆ ನಳಿಕೆ ಬದಲಿಸಬೇಕಿತ್ತು. ಹೊಸಿಲು ದಾಟುತ್ತಲೇ ಹಣ್ಣಿನ ವಾಸನೆ ಬಂತು, ತೀರ ಕಳಿತು ಹುಳಿಯಾಗುತ್ತಿರುವ ಹಣ್ಣಿನದು. ಮಾವಿನ ಹಣ್ಣು ಅಟ್ಟದಲ್ಲಿ ಕೊಳೆಯುತ್ತಿರಬೇಕು, ತೆಗೆಸಿ ಎಂದು ಮುದುಕರ ಹೆಂಡತಿ ನಂಜಮ್ಮನವರಿಗೆ ಹೇಳಿದೆ. ಮಾವಿನ ಕಾಲ ಮುಗಿದೇ ತಿಂಗಳಾಯಿತು, ಮನೆಯಲ್ಲಿ ಒಂದು ಹಣ್ಣೂ ಇಲ್ಲ ಎಂದರು. ನಳಿಕೆ ಬದಲಿಸಿ ಕೈ ತೊಳೆಯಲು ಹಿತ್ತಲಿಗೆ ಹೋದೆ. ಅಲ್ಲಿ ವಾಸನೆ ಇಲ್ಲ. ಒಳಗೆ ಬಂದೆ. ಇದೆ. ನಡುಮನೆಯ ಚಾಪೆಯ ಮೇಲೆ ಮೊಮ್ಮಗಳು ಪವಿತ್ರ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕಾಲೇಜಿಗೆ ಹೋಗುವ ಹುಡುಗಿ. ಅವಳ ತಲೆಯ ಹತ್ತಿರ ಬಾಗಿದರೆ ಉಸಿರು ದೊಡ್ಡದಾಗಿ, ಓಡಿ ಬಂದವರಂತೆ, ಆಡುತ್ತಿತ್ತು. ಹಣ್ಣು ಅಲ್ಲಿತ್ತು.

“ಒಟ್ಟೆ ಕೆಟ್ಟೈತೆ ಕಣಪ್ಪ,” ಎಂದರು ನಂಜಮ್ಮ. “ಎಂಟ್ ದಿನದಿಂದ ಬರೀ ನೀರ್ ಕುಡೀತಾಳೆ, ಎದ್ ಎದ್ ಓಯ್ತಾಳೆ. ನಿನ್ನೆಯಿಂದ ವಾಂತಿ. ಜೀರ್ಗೆ ಕಷಾಯ ಮಾಡ್ಕೊಟ್ಟಿವ್ನಿ.”

ಸಕ್ಕರೆ ಕಾಯಿಲೆ ಕೈಮೀರಿದಾಗ ಉಸಿರಿಗೆ ಆ ವಾಸನೆ ಬರುತ್ತದೆಂದು ಓದಿದ್ದೆ, ಚೀಲದಿಂದ ಸಕ್ಕರೆ ನೋಡುವ ಯಂತ್ರ ತೆಗೆದು ಬೆರಳು ಚುಚ್ಚಿದೆ. ಅಂಕಿ ಬರಲಿಲ್ಲ. ತನ್ನ ಅಳತೆ ಮೀರಿದಾಗ ಅದು ‘ಹೈ’ ಎಂದಷ್ಟೇ ತೋರಿಸುತ್ತದೆ. ಟ್ರಸ್ಟಿನ ಡಾಕ್ಟರಮ್ಮನಿಗೆ ಫೋನು ಹಚ್ಚಿದೆ. ಒಂದು ಗಳಿಗೆಯೂ ತಡಮಾಡದೆ ಕೋಲಾರಕ್ಕೆ ಕರೆದೊಯ್ಯಿರಿ, ದಾರಿಯಲ್ಲಿ ನಿದ್ದೆಹೋಗಲು ಬಿಡಬೇಡಿ, ಮಾತಾಡಿಸುತ್ತಿರಿ ಎಂದರು. ಹಾಲಿನ ಕ್ಯಾನು ಸಾಗಿಸುವ ಟೆಂಪೊದಲ್ಲಿ ಹುಡುಗಿಯನ್ನು ಮಲಗಿಸಿಕೊಂಡು ಹೋದೆವು. ಹುಟ್ಟಿದಾಗಿನಿಂದ ಗಟ್ಟಿಮುಟ್ಟಾಗಿದ್ದವಳಿಗೆ ಸಕ್ಕರೆ ಕಾಯಿಲೆ ಎಂದರೆ ನಂಜಮ್ಮ ನಂಬಲೇ ಇಲ್ಲ. ಮೂರು ದಿನ ಐಸಿಯುವಿನಲ್ಲಿದ್ದು ಹುಡುಗಿ ಉಳಿದಳು. ಆಮೇಲೆ ನಾನು ಹೋದಾಗಲೆಲ್ಲ ತನಗೆ ತಾನೇ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ತೋರಿಸಿ, ಸರಿಯಾಗಿದೆಯಾ ಬ್ರದರ್ ಎಂದು ಕೇಳುತ್ತಿದ್ದಳು. ಅವಳು ಬದುಕಿದ್ದು ಇವತ್ತಿಗೂ ನನಗೆ ಹೆಮ್ಮೆಯೇ. ಅದನ್ನು ಮುಚ್ಚಿಡಲಾರೆ.

ಸುದ್ದಿ ಹಾಲಿನ ಕ್ಯಾನಿನ ಜೊತೆ ಊರೂರು ಸುತ್ತಿತು. ಮೂಸಿ ಕಾಯಿಲೆ ಹೇಳುವ ಬ್ರದರ್ ಎಂದು ಹೆಸರಾಯಿತು. ಬೆಳಗ್ಗೆ ಇಡ್ಲಿ ತಿನ್ನುವಲ್ಲಿಗೆ ಜನ ಬರತೊಡಗಿದರು. ಒಬ್ಬ ಅಂಗಿ ಎತ್ತಿ ಕಂಕುಳು ತೋರಿಸಿದ. ಒಬ್ಬಾಕೆ ಗಂಡನನ್ನು ಎಳೆದುಕೊಂಡು ಬಂದು, ಇವನು ಕುಡಿಯುವುದು ಬಿಟ್ಟಿದ್ದಾನೋ ಇಲ್ಲವೋ ಮೂಸಿ ಹೇಳು ಎಂದಳು. ಕನ್ನಿಯಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನನಗೂ ಮೊದಮೊದಲು ನಗುವೇ. ಆದರೆ ಬರಬರುತ್ತ ಇನ್ನೊಂದು ಕಂಡಿತು. ನಾನು ಹತ್ತಿರ ಹೋದರೆ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಬಸ್ಸಿನಲ್ಲಿ ಪಕ್ಕ ಕೂತ ಪರಿಚಯದವರು ಕಿಟಕಿಯ ಕಡೆ ಮುಖ ತಿರುಗಿಸಿ ಮಾತಾಡುತ್ತಿದ್ದರು. ಮೈಸೂರು ಮೈನ್ಸಿನ ಅಜ್ಜಿ ಕೂಡ ನಾನು ಬರುವ ದಿನ ಎರಡು ಸಲ ಬಾಯಿ ಮುಕ್ಕಳಿಸಿ ಕೂರುತ್ತಾರೆಂದು ಸೊಸೆ ಹೇಳಿದಳು. ತಮಗೇ ಗೊತ್ತಿಲ್ಲದ್ದನ್ನು ನಾನು ತಿಳಿದುಬಿಡುತ್ತೇನೆಂಬ ಭಯ ಅವರಿಗೆ. ಮೊದಲೇ ದೂರವಿದ್ದ ಊರು ಇನ್ನಷ್ಟು ದೂರ ಸರಿಯಿತು.

ದಸರೆಯಲ್ಲಿ ಆ ಹೆಸರೂ ಕೆಟ್ಟಿತು. ಬಂಗಾರಪೇಟೆ ಪೇಟೆಬೀದಿಯಲ್ಲಿ ದಿನಸಿ ಅಂಗಡಿಯವರ ಮನೆ. ಹಾಸಿಗೆ ಹಿಡಿದ ಅತ್ತೆಗೆ ಡ್ರೆಸಿಂಗ್ ಮಾಡುವಾಗ ದೀಪ ಹಿಡಿದು ನಿಂತಿದ್ದ ಸೊಸೆಯ ಉಸಿರಿನಿಂದ ಅದೇ ಹಣ್ಣಿನ ವಾಸನೆ ಬಂತು. ಸಕ್ಕರೆ ನೋಡಿದೆ, ಸರಿಯಾಗಿಯೇ ಇತ್ತು. ಆದರೂ ನನ್ನ ಮೂಗು ಸುಮ್ಮನಾಗಲಿಲ್ಲ. ಏನೋ ದೊಡ್ಡದೇ ಇದೆ, ಇವತ್ತೇ ಕೋಲಾರಕ್ಕೆ ಹೋಗಿ ಎಂದುಬಿಟ್ಟೆ. ಮನೆಯವರೆಲ್ಲ ಬೆದರಿ ಅಂಗಡಿ ಮುಚ್ಚಿ ಓಡಿದರು. ಎಲ್ಲ ಪರೀಕ್ಷೆ ಮುಗಿದ ಮೇಲೆ ತಿಳಿದದ್ದೆಂದರೆ, ಆಕೆ ನವರಾತ್ರಿಯ ಉಪವಾಸದಲ್ಲಿದ್ದರು. ಐದು ದಿನದಿಂದ ಒಂದು ಲೋಟ ಹಾಲಿನ ಹೊರತು ಏನೂ ಮುಟ್ಟಿರಲಿಲ್ಲ. ಹೊಟ್ಟೆ ಖಾಲಿಯಿದ್ದು ಮೈಯ ಕೊಬ್ಬು ಕರಗುವಾಗಲೂ ಉಸಿರಿಗೆ ಅದೇ ವಾಸನೆ ಬರುತ್ತದೆ. ನಾನು ಓದಿದ್ದೇ. ಕೇಳಬೇಕೆಂದು ಹೊಳೆಯಲಿಲ್ಲ. ವ್ರತ ಭಂಗವಾಯಿತೆಂದು ಆಕೆ ಅತ್ತರಂತೆ. ಇನ್ನು ಮೂಗಿನವನನ್ನು ಕಳಿಸಬೇಡಿ ಎಂದು ಅವರ ಯಜಮಾನರು ಟ್ರಸ್ಟಿಗೆ ಫೋನು ಮಾಡಿದರು.

ಡಾಕ್ಟರಮ್ಮ ಬೈಯಲಿಲ್ಲ. ನನ್ನನ್ನು ಎದುರಿಗೆ ಕೂರಿಸಿಕೊಂಡು ತಾವೂ ಹಿಂದೆ ಹೀಗೆ ಮೋಸಹೋದದ್ದನ್ನು ಹೇಳಿದರು. “ಮೂಗಿಗೆ ಅನುಮಾನ ಬಂದ್ರೆ ಪರೀಕ್ಷೆ ಮಾಡಿಸ್ಕೊಳ್ಳಿ ಅನ್ನಿ. ಅಷ್ಟೇ ಅನ್ನಿ. ಭಯ ಹುಟ್ಟಿಸ್ಬೇಡಿ,” ಎಂದರು. ನಾನು ಒಪ್ಪಿದೆ. ಆದರೆ ಹೊರಗೆ ಬಂದಾಗ ಇನ್ನು ಈ ವಾಸನೆಯ ಉಸಾಬರಿಯೇ ಬೇಡ ಎನಿಸಿತ್ತು. ಕನ್ನಿಯಮ್ಮನ ಹಿಟ್ಟು ಮೂಸುವುದೊಂದನ್ನು ಬಿಟ್ಟರೆ ಮಿಕ್ಕ ಕಡೆಯೆಲ್ಲ ಮಾಸ್ಕು ಹಾಕಿಕೊಂಡು ತಿರುಗತೊಡಗಿದೆ.

ಮಾರ್ಗಶಿರ ಬಂತು. ಕೆಜಿಎಫ್‌ನ ಚಳಿ ಬಾಗಲಕೋಟೆ ಕಡೆಯವನಾದ ನನಗೆ ಹೊಸದು. ಮಂಜಿನಲ್ಲಿ ಗಣಿಯ ಕಬ್ಬಿಣದ ಗೋಪುರಗಳು ಮೇಲಿನ ಅರ್ಧ ಕಾಣದೆ ನಿಲ್ಲುತ್ತಿದ್ದವು. ಬಂಗಾರಪೇಟೆ ಸಂತೆಗೆ ಅವರೆಕಾಯಿ ಬರತೊಡಗಿ, ಮನೆ ಮನೆಯಲ್ಲೂ ಸೊಗಡು. ಅದರ ಜಿಡ್ಡು ಬೆರಳಿಗೆ ಅಂಟಿದರೆ ಸೋಪು ಹಚ್ಚಿದರೂ ಹೋಗದು. ಕನ್ನಿಯಮ್ಮ ಒಂದು ಮೊರ ಅವರೆಕಾಯಿ ಸುಲಿಯುತ್ತ ಕುಳಿತಿದ್ದರು. ಚಿಕ್ಕಂದಿನಲ್ಲಿ ತಾಯಿಯ ಕೈಯಲ್ಲಿ ತಿಂಗಳುಗಟ್ಟಲೆ ಇದೇ ವಾಸನೆ ಇರುತ್ತಿತ್ತಂತೆ. ಒಂದು ಕಾಯಿ ಮುರಿದು ನನ್ನ ಮುಂದೆ ಹಿಡಿದು, ಈ ಸಲದ ಸೊಗಡು ಹೇಗಿದೆ ಹೇಳು ಎಂದರು. ನಾನು ಬಾಗಿದೆ. ಅವರೆಯ ಸೊಗಡಿನ ಹಿಂದೆ, ಸೌದೆ ಹೊಗೆಯ ಹಿಂದೆ, ಇನ್ನೊಂದು ಬಂತು. ತೊಳೆಯದ ಬಚ್ಚಲಿನಂತೆ ಮೂಗಿಗೆ ಚುಚ್ಚುವ ವಾಸನೆ. ಚರಂಡಿಯದಿರಬೇಕು ಎಂದುಕೊಂಡೆ. ಆಕೆ ಇನ್ನೂ ಹತ್ತಿರ ಬಂದು, ಏನು ಸುಮ್ಮನಾದೆ ಎಂದು ಕೇಳಿದರು. ವಾಸನೆ ಆ ಮಾತಿನ ಜೊತೆಯೇ ಬಂತು.

ಅವತ್ತು ಏನೋ ಹೇಳಿ ತಪ್ಪಿಸಿಕೊಂಡೆ. ಆದರೆ ಮೂಗು ಒಮ್ಮೆ ಹಿಡಿದ ಮೇಲೆ ಕಣ್ಣು ಸುಮ್ಮನಿರುವುದಿಲ್ಲ. ಆಕೆ ಮೊಣಕೈ ತುರಿಸಿಕೊಳ್ಳುವುದು ಕಂಡಿತು. ಕಾಲುಗಳು ಊದಿ ಚಪ್ಪಲಿಯ ಗೆರೆ ಮೂಡಿರುವುದು ಕಂಡಿತು. ಮಂಡಿನೋವಿಗೆಂದು ವರ್ಷಗಟ್ಟಲೆ ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆ ನುಂಗುತ್ತಿದ್ದದ್ದು ನನಗೆ ಗೊತ್ತಿತ್ತು. ಊಟ ಸೇರುವುದಿಲ್ಲ, ಬಾಯೆಲ್ಲ ಕಬ್ಬಿಣ ಎನ್ನುತ್ತಿದ್ದರು. ಕೊರೋನಾ ಮೂಗಿನದೇ ಪ್ರಭಾವ ಎಂದು ಆಕೆಯೂ ತಿಳಿದಿದ್ದರು, ನಾನೂ ತಿಳಿದಿದ್ದೆ. ಮೂಗು ಹೋದದ್ದೇ ಕಾಯಿಲೆಗೆ ಮರೆಯಾಗಿತ್ತು.

ಮರುದಿನ ಬೆಳಗ್ಗೆ ಗಿರಾಕಿಗಳೆಲ್ಲ ಹೋದ ಮೇಲೆ, ಡಾಕ್ಟರಮ್ಮ ಹೇಳಿಕೊಟ್ಟ ಹಾಗೆಯೇ, ಒಂದು ರಕ್ತ ಪರೀಕ್ಷೆ ಮಾಡಿಸೋಣ ಅಕ್ಕಾರ, ಕಾಲು ಊದ್ಯಾವ ಎಂದೆ. ಆಕೆ ಇಡ್ಲಿ ಪಾತ್ರೆ ಇಳಿಸಿ ನನ್ನನ್ನೇ ನೋಡಿದರು.

“ಕಾಲ್ ಊದಿ ಮೂರ್ ತಿಂಗ್ಳಾಯ್ತು. ಇವತ್ ಯಾಕ್ ಏಳ್ತೀಯಾ? ನನ್ ಮೇಲೆ ಏನೋ ವಾಸ್ನೆ ಬತ್ತೈತೆ.”

ನಾನು ಇಡ್ಲಿ ತಟ್ಟೆ ಕೆಳಗಿಟ್ಟೆ.

“ಏಳು ತಂಬಿ. ನಂಗ್ ಗೊತ್ತಾಗಲ್ಲ. ನಿನ್ ಮೂಗೇ ನಂದು.”

“ಬರ್ತದ ಅಕ್ಕಾ,” ಎಂದೆ. “ಉಸಿರಿನಾಗ. ಕಿಡ್ನಿದ ಇರಬಹುದು. ಇರಲಿಕ್ಕೂ ಇಲ್ಲ. ನಾ ಒಮ್ಮೆ ತಪ್ಪೇನಿ, ನಿಮಗ ಗೊತ್ತದ. ಪರೀಕ್ಷೆ ಮಾಡಿಸಿದ್ರ ತಿಳೀತದ.”

ಆಕೆ ಸೆರಗಿನ ತುದಿ ತೆಗೆದು ಬಾಯಿಗೆ ಒತ್ತಿ ಹಿಡಿದರು. ಅಷ್ಟು ತಿಂಗಳಲ್ಲಿ ನನ್ನೆದುರು ಹಾಗೆ ಮಾಡದಿದ್ದವರು ಅವರೊಬ್ಬರೇ. ಗಿರಾಕಿಗಳಿಗೂ ಬರುತ್ತಿರಬಹುದೇ ಎಂದಷ್ಟೇ ಆಮೇಲೆ ಕೇಳಿದರು. ಒಲೆಯ ಹೊಗೆಯಲ್ಲಿ ಯಾರಿಗೂ ತಿಳಿಯುವುದಿಲ್ಲ ಎಂದೆ. ಅದು ನಿಜವೇ ಆಗಿತ್ತು.

ಈ ಸಲ ನಾನು ತಪ್ಪಲಿ ಎಂದು ಬೇಡಿಕೊಂಡೆ. ಮತ್ತೊಮ್ಮೆ ನಗೆಪಾಟಲಾದರೂ ಸರಿಯೇ. ತಪ್ಪಲಿಲ್ಲ. ಎರಡು ಕಿಡ್ನಿಯೂ ಹೆಚ್ಚುಕಡಿಮೆ ನಿಂತುಹೋಗಿದ್ದವು. ಇದು ಇವತ್ತು ನಿನ್ನೆಯದಲ್ಲ, ವರ್ಷಗಳಿಂದ ಸದ್ದಿಲ್ಲದೆ ನಡೆದದ್ದು, ಇನ್ನು ಡಯಾಲಿಸಿಸ್ ಇಲ್ಲದೆ ಆಗುವುದಿಲ್ಲ ಎಂದು ಡಾಕ್ಟರಮ್ಮ ಸೆಲ್ವಿಗೆ ನಿಧಾನವಾಗಿ ಬಿಡಿಸಿ ಹೇಳಿದರು. ತಾಯಿಗೆ ಮೂಗಿಲ್ಲವೆಂಬುದೂ ಸೆಲ್ವಿಗೆ ತಿಳಿದದ್ದು ಆಗಲೇ. ಅವಳು ಡಾಕ್ಟರಮ್ಮನನ್ನು ಬಿಟ್ಟು ನನ್ನ ಕಡೆ ತಿರುಗಿ, ಅಮ್ಮ ನಿಮಗೆ ಮಾತ್ರ ಹೇಳಿದಳಾ ಎಂದಳು. ಆ ದನಿಯಲ್ಲಿ ಸಿಟ್ಟಿತ್ತೋ ಅಳುವಿತ್ತೋ ತಿಳಿಯಲಿಲ್ಲ.

ಕನ್ನಿಯಮ್ಮ ಡಯಾಲಿಸಿಸ್ ಬೇಡವೆಂದು ಹಟ ಹಿಡಿದರು. ಒಲೆ ಹಚ್ಚುವುದನ್ನು ನಿಲ್ಲಿಸಿದರು. ಬಾಗಿಲು ಮುಂದೆ ಮಾಡಿಕೊಂಡು ಒಳಗೇ ಇದ್ದರು. ನಾನು ಎರಡು ಮೂರು ಸಲ ಹೋಗಿ ಅಕ್ಕಾರ ಎಂದು ಕರೆದೆ. ಒಳಗೆ ಮಂಚ ಕಿರುಗುಟ್ಟಿತು, ಬಾಗಿಲು ತೆರೆಯಲಿಲ್ಲ. ಇಡ್ಲಿ ನಿಂತದ್ದಕ್ಕೆ ಲೈನಿನವರು ಕಾರಣ ಹುಡುಕಿದರು, ನಾನು ಮೂಸಿದ್ದರಿಂದಲೇ ಕಾಯಿಲೆ ಬಂತು ಎಂದರು. ನೀರು ಹಿಡಿಯುವಲ್ಲಿ ನಾನು ಕೊಡ ಇಟ್ಟರೆ ಸುತ್ತಲಿನ ಕೊಡಗಳು ಸರಿಯುತ್ತಿದ್ದವು. ಪುಷ್ಯದ ಆ ಚಳಿಯಲ್ಲಿ ಬ್ರೆಡ್ಡು, ಬಾಳೆಹಣ್ಣು ತಿಂದು ಕೆಲಸಕ್ಕೆ ಹೋದೆ. ಹಳ್ಳಿಗಳಲ್ಲಿ ಹುಣ್ಣು ತೊಳೆದೆ, ನಳಿಕೆ ಬದಲಿಸಿದೆ, ಮನೆಯವರು ಕೊಟ್ಟ ಕಾಫಿ ಕುಡಿದೆ. ಸಂಜೆ ಬಂದರೆ ಆರಿದ ಒಲೆ, ಅದರ ಮೇಲೆ ಬೋರಲು ಹಾಕಿದ ಪಾತ್ರೆ. ಮೂರನೇ ಮನೆಯಿಂದ ಒಣಮೀನಿನ ವಾಸನೆ ಬರುತ್ತಿತ್ತು. ಯಾವ ಮೀನೆಂದು ಕೇಳುವವರಿರಲಿಲ್ಲ. ನನ್ನ ಬದುಕಿನಲ್ಲಿ ಅಷ್ಟು ಒಂಟಿಯಾಗಿ ನಾನು ಇನ್ಯಾವಾಗಲೂ ಇರಲಿಲ್ಲ. ಕೆಲಸ ಬಿಟ್ಟು ಊರಿಗೆ ಹೋಗುತ್ತೇನೆಂದು ಡಾಕ್ಟರಮ್ಮನಿಗೆ ಹೇಳಿದ್ದೂ ಉಂಟು. ಯುಗಾದಿಗೆ ಎಷ್ಟು ದಿನವಿದೆ, ತಡೆದುಕೊಳ್ಳಿ ಎಂದರು.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಸೆಲ್ವಿ ನನ್ನ ಬಾಗಿಲು ಬಡಿದಳು. ಅಮ್ಮನಿಗೆ ಉಸಿರು ಕಟ್ಟುತ್ತಿದೆ, ಕೊನೆಗೂ ಒಪ್ಪಿದ್ದಾಳೆ, ಆದರೆ ನೀವು ಬಂದರೆ ಮಾತ್ರ ಬರುತ್ತೇನೆ ಎನ್ನುತ್ತಾಳೆ ಎಂದಳು. ಆಟೊ ಹತ್ತಿಸುವಾಗ ಕನ್ನಿಯಮ್ಮ ನನ್ನ ತೋಳು ಹಿಡಿದುಕೊಂಡರು. ಕೋಲಾರ ಮುಟ್ಟುವವರೆಗೂ ಬಿಡಲಿಲ್ಲ. ಯಂತ್ರದ ಪಕ್ಕ ಮಲಗಿಸಿ, ತಮ್ಮ ರಕ್ತ ಕೊಳವೆಯಲ್ಲಿ ಹೊರಗೆ ಹರಿಯುವುದನ್ನು ಕಂಡಾಗ ಹೆದರಿ ಕಣ್ಣು ಮುಚ್ಚಿದರು. ಅದು ತಿರುಗಿ ಒಳಗೆ ಬರುವ ಕೊಳವೆಯನ್ನು ತೋರಿಸಿ, ಹೋದದ್ದೆಲ್ಲ ಮರಳಿ ಬರ್ತದ ಅಕ್ಕಾ ಎಂದೆ.

“ಸಿಟ್ಟಿರ್ಲಿಲ್ಲ ಕಣೋ ನಿನ್ ಮೇಲೆ,” ಎಂದರು ಕಣ್ಣು ಮುಚ್ಚಿಕೊಂಡೇ. “ನಾಚ್ಕೆ ಆಯ್ತು. ಆರ್ ತಿಂಗ್ಳು ನಿನ್ ಪಕ್ಕ ಕೂತಿದ್ನಲ್ಲ.”

ನಾನು ಹೊದಿಕೆ ಸರಿಮಾಡಿದೆ.

ಆಮೇಲೆ ವಾರಕ್ಕೆರಡು ಸಲ ಕೋಲಾರ. ಸೆಲ್ವಿ ಬೆಂಗಳೂರಿನ ಕೆಲಸ ಬಿಟ್ಟು ತಾನೇ ಒಲೆ ಹಚ್ಚಿದಳು. ತಾಯಿ ಕುರ್ಚಿಯಲ್ಲಿ ಕೂತು ಕೈಸನ್ನೆಯಲ್ಲೇ ಹದ ಹೇಳುತ್ತಿದ್ದರು. ಅವಳ ಮೂಗು ಚುರುಕಾಗಿತ್ತು, ನನ್ನ ಕೆಲಸ ಅಲ್ಲಿಗೆ ಮುಗಿಯಿತು. ಆದರೂ ಬೆಳಗ್ಗೆ ನನ್ನ ಮಣೆ ಒಲೆಯ ಪಕ್ಕವೇ ಇರುತ್ತಿತ್ತು. ಮಾಘದಲ್ಲಿ ಒಂದು ದಿನ ಕನ್ನಿಯಮ್ಮ ಬಾಯಿಯ ಕಬ್ಬಿಣ ಹೋಯಿತೆಂದು ಹೇಳಿ ಎರಡು ಇಡ್ಲಿ ಹೆಚ್ಚು ಹಾಕಿಸಿಕೊಂಡರು. ನಾನೂ ಸೆಲ್ವಿಯೂ ಆಕೆ ತಿನ್ನುವುದನ್ನೇ ನೋಡಿದೆವು.

ಯುಗಾದಿಗೆ ಮುಂಚೆ ನಾನು ಹೊರಟೆ. ಅವತ್ತು ಅವರದೂ ಕೋಲಾರದ ದಿನವಾಗಿತ್ತು. ಬಂಗಾರಪೇಟೆಯವರೆಗೆ ಮೂವರೂ ಒಂದೇ ರೈಲಿನಲ್ಲಿ ಬಂದೆವು. ಅವರು ಅಲ್ಲಿ ಇಳಿಯಬೇಕು, ನಾನು ಬೆಂಗಳೂರಿಗೆ ಮುಂದುವರಿಯಬೇಕು. ಪ್ಲಾಟ್‌ಫಾರ್ಮಿನಲ್ಲಿ ಸೆಲ್ವಿ ಚೀಲಗಳನ್ನು ಎತ್ತಿಕೊಳ್ಳುವಾಗ ಕನ್ನಿಯಮ್ಮ ಕಿಟಕಿಯ ಸರಳು ಹಿಡಿದು ಮುಖ ಹತ್ತಿರ ತಂದರು. ಸೆರಗು ಬಾಯಿಗೆ ಅಡ್ಡ ಇರಲಿಲ್ಲ.

“ನೋಡಿ ಏಳು. ಓಯ್ತಾ?”

ನಾನು ಉಸಿರೆಳೆದುಕೊಂಡೆ. “ಪೂರ್ತಿ ಹೋಗಿಲ್ಲ ಅಕ್ಕಾ. ಭಾಳ ಕಡಿಮಿ ಆಗೇದ.”

ಆಕೆ ತಲೆಯಾಡಿಸಿದರು. ಹೋಗಿದೆ ಎಂದಿದ್ದರೆ ನಂಬುತ್ತಿರಲಿಲ್ಲ ಎಂದರು. ರೈಲು ಹೊರಟಾಗ ಅವರಿಬ್ಬರೂ ಸೇತುವೆಯ ಮೆಟ್ಟಿಲ ಕಡೆ ನಡೆಯುತ್ತಿದ್ದರು, ತಾಯಿ ಮಗಳ ಹೆಗಲಿನ ಮೇಲೆ ಕೈಯಿಟ್ಟು.

ಮರುವರ್ಷದ ಮಳೆಗಾಲದವರೆಗೂ ಕನ್ನಿಯಮ್ಮ ಬದುಕಿದ್ದರು. ತಿಂಗಳಿಗೊಮ್ಮೆ ಫೋನು ಬರುತ್ತಿತ್ತು, ನಿನ್ನ ಊರಿನಲ್ಲಿ ಈಗ ಏನು ವಾಸನೆ ಎಂದು ಕೇಳುತ್ತಿದ್ದರು. ಶೇಂಗಾ ಕೀಳುತ್ತಿದ್ದಾರೆ, ಬೆಲ್ಲದ ಗಾಣ ಶುರುವಾಗಿದೆ ಎಂದು ಹೇಳುತ್ತಿದ್ದೆ. ಕೊನೆಯದಾಗಿ ಎದೆಯಲ್ಲಿ ನೀರು ತುಂಬಿತಂತೆ. ಸುದ್ದಿ ನನಗೆ ತಲುಪಿದ್ದು ಎಲ್ಲ ಮುಗಿದ ಮೇಲೆ. ಡ್ಯೂಟಿ ಬಿಟ್ಟು ಹೋಗಲಾಗಲಿಲ್ಲ. ಹೋಗಿದ್ದರೂ ಅಲ್ಲಿ ನಾನು ನೋಡುವುದು ಏನೂ ಉಳಿದಿರಲಿಲ್ಲ.

ಕೆಲವು ದಿನ ಕಳೆದು ಸೆಲ್ವಿ ಫೋನು ಮಾಡಿದಳು. ಅಂಗಡಿ ನಡೆಯುತ್ತಿದೆ ಎಂದಳು, ಮಳೆ ಚೆನ್ನಾಗಿದೆ ಎಂದಳು. ಆಮೇಲೆ, ಅಮ್ಮನ ಹೊದಿಕೆ ಒಗೆಯಲೆಂದು ತೆಗೆದೆ, ಮುಖಕ್ಕೆ ಹಿಡಿದರೆ ಒಂದು ವಾಸನೆ ಬರುತ್ತದೆ ಎಂದಳು.

“ನೀವ್ ಏಳ್ತಿದ್ರಲ್ಲ ಬ್ರದರ್, ಆ ಕಾಯ್ಲೆ ವಾಸ್ನೆನಾ ಇದು? ಇಲ್ಲ ಅಮ್ಮಂದಾ?”

ಆರುನೂರು ಕಿಲೋಮೀಟರ್ ಆಚೆ ನಿಂತವನಿಗೆ ಅದು ಹೇಗೆ ತಿಳಿಯಬೇಕು? ಪಕ್ಕದಲ್ಲಿದ್ದಿದ್ದರೂ ಬೇರೆ ಮಾಡಿ ಹೇಳಲು ನನ್ನಿಂದ ಆಗುತ್ತಿತ್ತೇ ಎಂಬುದು ಗೊತ್ತಿಲ್ಲ.

“ಅವ್ವಂದ ಅದು,” ಎಂದೆ. “ಒಗೀಬ್ಯಾಡ ತಂಗಿ. ಹಂಗ ಮಡಚಿ ಇಡು.”